ತುರ್ತು: ನೆಲದ ಜೊತೆಗಿನ ನಂಟನ್ನು ನಕ್ಷೆ ಮಾಡುವುದಕ್ಕೆ ಕನ್ನಡದಲ್ಲಿ ಏನನ್ನೋಣ?

ಹಿನ್ನೀರು (ಸಾಗರ) ಬರೆದದ್ದು:

ಎಲ್ಲರಿಗೂ ನಮಸ್ಕಾರ. ಒಂದು ಪದ ಬೇಕು, ಅದೂ ಸಂಜೆ ಐದರೊಳಗೆ. ಬ್ಯಾನರ್ ಅಚ್ಚು ಹಾಕುವವರು ಆಗಲೇ ಎರಡು ಸಲ ಫೋನ್ ಮಾಡಿದ್ದಾರೆ.

ವಿಷಯ ಇಷ್ಟು. ಶರಾವತಿ ಹಿನ್ನೀರಿನ ಆಚೆ ತುಮರಿ ಕಡೆಯ ಹಳ್ಳಿಗಳಲ್ಲಿ ನಾವೊಂದಿಷ್ಟು ಜನ ನಕ್ಷೆ ಮಾಡುತ್ತಿದ್ದೇವೆ. ಸರ್ವೆ ನಂಬರಿನ ನಕ್ಷೆ ಈಗಾಗಲೇ ಇದೆ, ದಿಶಾಂಕ್ ಆ್ಯಪ್ ತೆಗೆದರೆ ಸಿಗುತ್ತದೆ. ನಮ್ಮದು ಯಾರಿಗೆ ಯಾವ ಜಾಗ ಬೇಕಾದದ್ದು, ಯಾಕೆ, ಅನ್ನುವುದರ ನಕ್ಷೆ. ಉಪಗ್ರಹದ ಚಿತ್ರ ದೊಡ್ಡದಾಗಿ ಅಚ್ಚು ಹಾಕಿಸಿ ಜಗಲಿಯಲ್ಲಿ ಹಾಸುತ್ತೇವೆ. ಅವರೇ ಹುಡುಕಿ ಹುಣಸೆಬೀಜ ಇಡುತ್ತಾರೆ. ಆಮೇಲೆ ಕ್ಯೂಜಿಐಎಸ್ ಅನ್ನುವ ನಕ್ಷೆಯ ಸಾಫ್ಟ್‌ವೇರಿನಲ್ಲಿ ಆ ಚುಕ್ಕಿ ಏರಿಸಿ, ಅವರು ಆಡಿದ ಮಾತಿನ ರೆಕಾರ್ಡಿಂಗ್ ಅದಕ್ಕೆ ಜೋಡಿಸುತ್ತೇವೆ. ಈಗ ಸೇತುವೆ ಆಗಿದೆ, ಆದರೂ ಲಾಂಚಿಗೆ ಕಾಯುತ್ತಿದ್ದ ಜಾಗಕ್ಕೇ ಜಾಸ್ತಿ ಬೀಜ ಬಿತ್ತು.

ಮೊನ್ನೆ ಒಬ್ಬ ಅಜ್ಜಿ ಸೀದಾ ನೀಲಿ ನೀರಿನ ನಡುವೆ ಬೀಜ ಇಟ್ಟರು. "ಇದು ನಮ್ಮ ಹಿತ್ಲು. ಬಕ್ಕೆ ಹಲಸಿನ ಮರ ಇತ್ತು, ಅದರ ಪಕ್ಕ ದನ ಕಟ್ಟೋದು." ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತಲ್ಲ, ಆಗ ಅವರಿಗೆ ಹತ್ತೋ ಹನ್ನೊಂದೋ. ಡೇಟಾ ನೋಡಿಕೊಳ್ಳುವ ಹುಡುಗ ಮಾರನೇ ದಿನ ಮೆಸೇಜ್ ಹಾಕಿದ: "ಅಕ್ಕಾ, ಒಂದು ಮನೆ ನೀರಿಗೆ ಬಿದ್ದಿದೆ, ಎಲ್ಲಿಗೆ ಸರಿಸಲಿ?"

ಇಂಗ್ಲಿಷಿನಲ್ಲಿ ಇದಕ್ಕೆ ಡೀಪ್ ಮ್ಯಾಪಿಂಗ್, ಕೌಂಟರ್ ಮ್ಯಾಪಿಂಗ್ ಅಂತ ಏನೇನೋ ಇದೆ. ನಮ್ಮ ಕರಪತ್ರದಲ್ಲಿ "ಜನರ ಭೂದೃಶ್ಯ ಸಂಬಂಧಗಳ ಡಿಜಿಟಲ್ ಭೂಪಟೀಕರಣ" ಅಂತ ಬಂದಿದೆ. ಬರೆದವಳು ನಾನೇ, ಬೈಯಬೇಡಿ. ಎರಡು ಮೂರು ಪದದಲ್ಲಿ, ಆ ಅಜ್ಜಿಗೆ ಓದಿ ಹೇಳಿದರೆ ಗೊತ್ತಾಗುವ ಹಾಗೆ ಒಂದು ಹೇಳಿ.

ನೆಲನುಡಿಗ ಬರೆದದ್ದು:

ಭೂ, ದೃಶ್ಯ, ಸಂಬಂಧ, ಪಟ. ನಾಲ್ಕೂ ಸಂಸ್ಕೃತ. ಕನ್ನಡದಲ್ಲಿ: ನೆಲತಿಟ್ಟ. ತಿಟ್ಟ ಅಂದರೆ ಚಿತ್ರ. ಮುಗಿಯಿತು.

ಆಗುಂಬೆ ಮಳೆ ಬರೆದದ್ದು:

ತಿಟ್ಟ ಅಂದರೆ ನಮ್ಮ ತೀರ್ಥಹಳ್ಳಿ ಕಡೆ ಯಕ್ಷಗಾನ ಬಡಗುತಿಟ್ಟೋ ತೆಂಕುತಿಟ್ಟೋ ಅಂತ ಕೇಳುತ್ತಾರೆ ಮಾರಾಯ್ರೇ. ಬ್ಯಾನರ್ ನೋಡಿ ಜನ ಚಾಪೆ ಹಿಡಿದುಕೊಂಡು ಬಂದಾರು, ಆಟ ಎಷ್ಟೊತ್ತಿಗೆ ಶುರು ಅಂತ.

ನೆಲನುಡಿಗ ಬರೆದದ್ದು:

ಅದು ತಿಟ್ಟು, ಇದು ತಿಟ್ಟ. ಉಕಾರ ಅಕಾರ ಗೊತ್ತಿಲ್ಲದವರ ಜೊತೆ ಮಾತು ಬೇಡ.

ಹೊಸನಗರದ ಮೇಷ್ಟ್ರು ಬರೆದದ್ದು:

ಜಗಳ ಆಮೇಲೆ ಆಡಿ. ಮೊದಲು ಆ "ಭೂದೃಶ್ಯ" ಬಿಡಿ ತಂಗಿ, ಅದು ಬುಡದಲ್ಲೇ ತಪ್ಪು. ಲ್ಯಾಂಡ್‌ಸ್ಕೇಪ್ ಡಚ್ಚಿನ ಲಾಂಟ್‌ಸ್ಖಾಪ್‌ನಿಂದ ಬಂದದ್ದು. ಕೊನೆಯ ತುಂಡಿಗೂ ನೋಡುವುದಕ್ಕೂ ನಂಟಿಲ್ಲ, ಇಂಗ್ಲಿಷಿನ ಫ್ರೆಂಡ್‌ಶಿಪ್‌ನ "ಶಿಪ್" ಇದೆಯಲ್ಲ, ಅದರ ದಾಯಾದಿ. ನಮ್ಮ ಗೆಳೆತನದ "ತನ" ಇದ್ದ ಹಾಗೆ. ಜನ ಉಳುಮೆ ಮಾಡಿ, ಗಡಿ ಹಾಕಿ, ಬಾಳುತ್ತಿದ್ದ ಸೀಮೆಗೆ ಆ ಹೆಸರು. 1600ರ ಹೊತ್ತಿಗೆ ಡಚ್ ಚಿತ್ರಕಾರರ ಕಡೆಯಿಂದ ಅದು ಇಂಗ್ಲಿಷಿಗೆ ಹೋದಾಗ ಗೋಡೆಗೆ ತೂಗುಹಾಕುವ ಚಿತ್ರ ಆಯಿತು, ನಾವು ಆ ಚಿತ್ರ ನೋಡಿ "ದೃಶ್ಯ" ಅಂದೆವು. ದೃಶ್ಯ ದೂರ ನಿಂತವನಿಗೆ. ಸೊಪ್ಪಿನ ಬೆಟ್ಟದಿಂದ ದರಗಿನ, ಅಂದರೆ ಒಣ ಎಲೆಯ, ಹೊರೆ ಹೊತ್ತು ಇಳಿಯುವವಳಿಗೆ ಕಾಲಡಿಯ ಕಲ್ಲು ಬಿಟ್ಟು ಬೇರೆ ಏನು ಕಾಣುತ್ತದೆ ಹೇಳಿ!

ಹಳಗನ್ನಡದಲ್ಲಿ "ಪೊಲಬು" ಅಂತ ಇದೆ, ಈಗ ಹೊಲಬು. ದಾರಿ ಅಂತಲೂ ಹೌದು, ರೀತಿ ಅಂತಲೂ ಹೌದು. ಹೊಲಬು ತಪ್ಪುವುದು ಅನ್ನುತ್ತಿದ್ದರು. "ಊರ ಹೊಲಬು" ಅಂತ ಇಡಿ. ನಲವತ್ತು ವರ್ಷದಿಂದ ಈ ಪದಕ್ಕೊಂದು ಕೆಲಸ ಕೊಡಿಸಬೇಕು ಅಂತ ಕಾಯುತ್ತಿದ್ದೇನೆ.

ಆಗುಂಬೆ ಮಳೆ ಬರೆದದ್ದು:

ಚೆಂದ ಇದೆ ಮೇಷ್ಟ್ರೇ. ಆದರೆ ಯಾರಿಗೂ ಗೊತ್ತಾಗಲ್ಲ. ಹೊಲಕ್ಕೆ ಹಾಕುವ ಗೊಬ್ಬರದ ಹೆಸರು ಅಂದುಕೊಳ್ಳುತ್ತಾರೆ.

ಬಾಂದುಕಲ್ಲು ಬರೆದದ್ದು:

ನಾನು ನಕ್ಷೆ ಕೆಲಸದವನು, ಪದದವನಲ್ಲ. ಎರಡು ಮಾತು. ಒಂದು, ಕೌಂಟರ್ ಮ್ಯಾಪಿಂಗನ್ನೂ ಡೀಪ್ ಮ್ಯಾಪಿಂಗನ್ನೂ ಕಲಸಬೇಡಿ. ಡೀಪ್ ಮ್ಯಾಪಿಂಗ್ ಅಂದರೆ ಒಂದು ಜಾಗದ ನೆನಪು, ಕತೆಗಳನ್ನೂ ಸೇರಿಸಿ ಮಾಡುವ ನಕ್ಷೆ. ಕೌಂಟರ್ ಮ್ಯಾಪಿಂಗ್ ಅನ್ನುವ ಹೆಸರು 1995ರಲ್ಲಿ ನ್ಯಾನ್ಸಿ ಪೆಲೂಸೊ ಅವರು ಇಂಡೋನೇಷ್ಯಾದ ಕಾಲಿಮಂತಾನ್ ಕಾಡಿನ ಬಗ್ಗೆ ಬರೆದಾಗ ಬಂದದ್ದು. ಸರ್ಕಾರದ ನಕ್ಷೆಗೆ ಎದುರಾಗಿ ಊರಿನವರು ಇಡುವ ನಕ್ಷೆ ಅದು, ಹಕ್ಕಿನ ಮಾತು. ನಿಮ್ಮ ಅಜ್ಜಿ ಹಕ್ಕು ಕೇಳುತ್ತಿಲ್ಲ, ಹಿತ್ತಲು ತೋರಿಸುತ್ತಿದ್ದಾರೆ. ಆದರೆ ನೆನಪಿನ ನಕ್ಷೆ ಹಕ್ಕಿನ ನಕ್ಷೆ ಆಗುವುದಕ್ಕೆ ಜಾಸ್ತಿ ಹೊತ್ತು ಬೇಡ. ಕೆನಡಾದಲ್ಲಿ 1970ರ ದಶಕದಲ್ಲಿ ಇನ್ಯೂಟ್ ಬೇಟೆಗಾರರು ಜೀವಮಾನದಲ್ಲಿ ತಾವು ಬೇಟೆಗೆ ಹೋದ, ಬೀಡುಬಿಟ್ಟ ಜಾಗಗಳನ್ನೆಲ್ಲ ನಕ್ಷೆಯ ಮೇಲೆ ಗೆರೆ ಎಳೆದು ತೋರಿಸಿದರು. ಅದಕ್ಕೆ ಮ್ಯಾಪ್ ಬಯಾಗ್ರಫಿ ಅಂದರು. 1976ರಲ್ಲಿ ವರದಿ ಬಂತು, ನೆಲದ ಹಕ್ಕಿನ ಮಾತುಕತೆಗೆ ಅದೇ ಆಧಾರ ಆಯಿತು, 1999ರಲ್ಲಿ ನುನಾವುಟ್ ಅನ್ನುವ ಹೊಸ ಆಡಳಿತ ಪ್ರದೇಶವೇ ಹುಟ್ಟಿತು.

ಎರಡು, ಬ್ಯಾನರಿಗಿಂತ ನಕ್ಷೆಯೊಳಗಿನ ಹೆಸರು ನೋಡಿಕೊಳ್ಳಿ. ಕಾನು, ಬ್ಯಾಣ, ಹಕ್ಕಲು, ಸೊಪ್ಪಿನ ಬೆಟ್ಟ ಅಂತ ಊರವರು ಕಾಡಿಗೆ, ಹುಲ್ಲುಗಾವಲಿಗೆ ಇಟ್ಟ ಹೆಸರುಗಳನ್ನೆಲ್ಲ "ದಟ್ಟ ಅರಣ್ಯ", "ವಿರಳ ಅರಣ್ಯ" ಮಾಡಿ ಕೂರಬೇಡಿ. ಕಾನಿನೊಳಗೆ ಮರದ ನೆರಳಿಗೆ ಫೋನಿನ ಜಿಪಿಎಸ್ ಅತ್ತಿತ್ತ ಜಾರುತ್ತದೆ, ಅದನ್ನ ಹೇಗೋ ಸರಿಮಾಡಬಹುದು. ಹೆಸರು ಜಾರಿದರೆ ಕಷ್ಟ. ಆ ನೀರಿನೊಳಗಿನ ಮನೆಯನ್ನ ದಯವಿಟ್ಟು ಸರಿಸಬೇಡಿ. 1948ರ ಹಿರೇಭಾಸ್ಕರ ಅಣೆಕಟ್ಟೇ ಅಲ್ಲಿ ನೀರಿನೊಳಗಿದೆ, ಬೇಸಿಗೆಯಲ್ಲಿ ನೀರು ಇಳಿದಾಗ ಮೇಲೇಳುತ್ತದೆ.

ನನ್ನ ಓಟು "ನೆಲನಂಟಿನ ನಕ್ಷೆ"ಗೆ.

ನೆಲನುಡಿಗ ಬರೆದದ್ದು:

ನೆಲ ಸರಿ. ನಂಟು ಸರಿ. ನಕ್ಷೆ ಅರಬ್ಬಿ. ಕೆಡಿಸಿಬಿಟ್ಟಿರಿ.

ಬಾಂದುಕಲ್ಲು ಬರೆದದ್ದು:

ಸ್ವಾಮಿ, ನನ್ನ ಕೆಲಸದಲ್ಲಿ ಅಚ್ಚಗನ್ನಡ ಹುಡುಕಿದರೆ ಕಲ್ಲು ಮಾತ್ರ ಉಳಿಯುತ್ತದೆ, ಬಾಂದೂ ಹೊರಗಿನದೇ. ಪಹಣಿ ಮರಾಠಿಯಿಂದ, ಖರಾಬು ಅರಬ್ಬಿಯಿಂದ. ಊರಿನ ಕೆರೆ, ದಾರಿ, ಸುಡುಗಾಡು ಎಲ್ಲಾ ದಾಖಲೆಯಲ್ಲಿ ಬಿ ಖರಾಬು. ಖರಾಬು ಅಂದರೆ ಕೆಟ್ಟದ್ದು. ನಿಮಗೆ ಸಿಟ್ಟು ಬರಬೇಕಾದ್ದು ಅಲ್ಲಿ! ಅಪ್ಪನನ್ನ ಸುಟ್ಟ ಜಾಗವನ್ನ ಕೆಟ್ಟದ್ದು ಅಂತ ಬರೆದುಕೊಂಡಿದ್ದಾರೆ, ಅದು ಯಾವ ಭಾಷೆಯ ಪದ ಅನ್ನುವುದು ಎರಡನೇ ಮಾತು.

ನೆಲನುಡಿಗ ಬರೆದದ್ದು:

ಪದ ತಂದವರೇ ಕೆಟ್ಟದ್ದು ಅನ್ನುವ ಆ ಎಣಿಕೆಯನ್ನೂ ತಂದರು. ಅದನ್ನೇ ನಾನು ಹೇಳುತ್ತಿರುವುದು. ಓದಿ ಬರೆಯಿರಿ.

ಹೊಸನಗರದ ಮೇಷ್ಟ್ರು ಬರೆದದ್ದು:

ತಡೆಯಿರಿ. ಹಾಗಾದರೆ "ತಾಲ್ಲೂಕು" ಏನು ಮಾಡುತ್ತೀರಿ? ಅದೂ ಅರಬ್ಬಿ. ತಅಲ್ಲುಕ್. ಅರ್ಥ ಗೊತ್ತೇನು? ಸಂಬಂಧ. ನಂಟು. ಒಂದಕ್ಕೊಂದು ತೂಗಿಕೊಂಡಿರುವುದು. ಜಮೀನು ಇಂಥವರಿಗೆ ಸೇರಿದ್ದು ಅನ್ನುವ ಅರ್ಥದಿಂದ ಆಡಳಿತದ ವಿಭಾಗಕ್ಕೆ ಆ ಹೆಸರು ಬಂತು. ಈ ತಂಗಿ ಬೆಳಗಿನಿಂದ ಯಾವ ಪದಕ್ಕೆ ಒದ್ದಾಡುತ್ತಿದ್ದಾಳೋ ಅದು ಸಾಗರದ ಬಸ್ ಸ್ಟ್ಯಾಂಡ್ ಎದುರಿನ ಬೋರ್ಡಿನ ಮೇಲೆಲ್ಲ ಇದೆ, ಸಾಗರ ತಾಲ್ಲೂಕು ಅಂತ. ಅಲ್ವಾ?

ಇನ್ನು ನೀವು ಓಡಿಸಿದ "ಪಟ". ಪಟ ಅಂದರೆ ಮೂಲದಲ್ಲಿ ಬಟ್ಟೆ. ನಮ್ಮ ಮಕ್ಕಳು ಹಾರಿಸುವುದೂ ಪಟ, ಗೋಡೆಯ ಮೇಲೆ ಅಜ್ಜನದೂ ಪಟ. ಅದನ್ನ ಇನ್ನು ಪರದೇಶಿ ಅನ್ನುವುದು ಹೇಗೆ?

ನೆಲನುಡಿಗ ಬರೆದದ್ದು:

ಬಾಡಿಗೆಗೆ ಬಂದವನು ಹಳಬನಾದರೆ ಮನೆ ಅವನದಾಗುವುದಿಲ್ಲ.

ಆಗುಂಬೆ ಮಳೆ ಬರೆದದ್ದು:

ಗೇಣಿ ಕಾನೂನು ನಮ್ಮ ಜಿಲ್ಲೆಯವರಿಗೆ ಹೇಳಿಕೊಡಬೇಡಿ. ಕಾಗೋಡು ಸತ್ಯಾಗ್ರಹ 1951ರಲ್ಲಿ ನಡೆದದ್ದು ಇಲ್ಲೇ. ಉಳುವವನೇ ನೆಲದೊಡೆಯ, ಬಳಸುವವನೇ ಪದದೊಡೆಯ!

ಹಿನ್ನೀರು ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ನೀವು ತಾಲ್ಲೂಕಿಗೆ ಹೋಗುವ ಹೊತ್ತಿಗೆ ಐದು ದಾಟಿತ್ತು, ನಾನು "ನೆಲನಂಟಿನ ನಕ್ಷೆ" ಅಂತ ಕಳಿಸಿಬಿಟ್ಟೆ. ನೆಲನುಡಿಗರೇ, ನಕ್ಷೆ ಇರಲಿ ಬಿಡಿ, ಅಜ್ಜಿಯೂ ನಕ್ಷೆ ಅಂತಲೇ ಅಂದದ್ದು. ಮೇಷ್ಟ್ರೇ, ಹೊಲಬನ್ನ ಒಳಗೆ ಸೇರಿಸಿದ್ದೇನೆ. ಹಳೇ ಕಾಲುದಾರಿಗಳ ಪದರಕ್ಕೆ ಆ ಹೆಸರು. ಹುಡುಗನಿಗೆ ಮನೆ ನೀರಿನಲ್ಲೇ ಇರಲಿ ಅಂತ ಹೇಳಿದ್ದೇನೆ, ಸಾಫ್ಟ್‌ವೇರ್ ಕೆಂಪು ಗುರುತು ತೋರಿಸುತ್ತಿದೆಯಂತೆ, ತೋರಿಸಲಿ.

ಒಂದು ಎಡವಟ್ಟು. ಈಗ ಬ್ಯಾನರ್ ಬಂತು. ಬಿಳಿ ಬಟ್ಟೆ, ಎಂಟು ಅಡಿ, ಅಕ್ಷರ ಚೆನ್ನಾಗಿವೆ. ಆದರೆ "ನೆಲನೆಂಟಿನ ನಕ್ಷೆ" ಅಂತ ಹಾಕಿದ್ದಾರೆ. ನಾಳೆ ಬೆಳಗ್ಗೆ ಕಾರ್ಯಕ್ರಮ. ಏನು ಮಾಡಲಿ?

ನೆಲನುಡಿಗ ಬರೆದದ್ದು:

ನಂಟ, ನೆಂಟ ಎರಡೂ ಒಂದೇ. ನೆಂಟಸ್ತನ ಅನ್ನುತ್ತೀರಲ್ಲ. ತಿದ್ದಬೇಡಿ.

ನಕ್ಷೆ ಈಗಲೂ ಅರಬ್ಬಿ.