ಊರಲ್ಲಿ ಮನೆ ನಕ್ಷೆಗೆ ಸಹಿ ಹಾಕಲು ಬಿ.ಇ. ಸಾಲದಾ?

ಮರಳಿ ಬಂದವಳು:
ನಾನು ಸಿವಿಲ್ ಬಿ.ಇ. ಬೆಂಗಳೂರಿನ ಅಪಾರ್ಟ್‌ಮೆಂಟ್ ಸೈಟುಗಳಲ್ಲಿ 5 ವರ್ಷ ದುಡಿದು, ಅಪ್ಪನಿಗೆ ಹುಷಾರಿಲ್ಲ ಅಂತ ಊರಿಗೆ ಬಂದಿದ್ದೇನೆ. ಶಿವಮೊಗ್ಗ ಜಿಲ್ಲೆ, ಪಟ್ಟಣ ಪಂಚಾಯಿತಿ ಇರುವ ಊರು. ಬಸ್ ಸ್ಟ್ಯಾಂಡ್ ಎದುರು ರೂಮು ಹಿಡಿದು ಬೋರ್ಡೂ ಬರೆಸಿಯಾಯ್ತು. ಮೊದಲ ಕೆಲಸ ದೊಡ್ಡಮ್ಮನ ಮಗನದು, 30/40 ಸೈಟು. ನಕ್ಷೆ ಹಿಡಿದು ಹೋದರೆ ಕೌಂಟರಿನಲ್ಲಿ "ನಿಮ್ಮ ರಿಜಿಸ್ಟ್ರೇಷನ್ ನಂಬರ್ ಎಲ್ಲಿ ಮೇಡಂ?" ಅಂದರು. ಡಿಗ್ರಿ ತೋರಿಸಿದೆ. ಅದಲ್ಲ ಅಂದರು.

ಹೊರಗೆ ಬಂದರೆ ಒಬ್ಬ ಡ್ರಾಫ್ಟ್ಸ್‌ಮನ್ ಹಿಂದೆಯೇ ಬಂದ. "800 ಕೊಡಿ, ನಮ್ ಸರ್ ಸೀಲ್ ಹಾಕಿಸ್ಕೊಡ್ತೀನಿ. ನಿಮ್ದು ಆದ್ಮೇಲೆ ನೀವೂ ನಮಗೆ ಹಾಕಿಕೊಡಿ" ಅಂದ. ಎಲ್ಲರೂ ಹೀಗೇ ಮಾಡುವುದಂತೆ. ಡಾಕ್ಟರಿಗೆ, ವಕೀಲರಿಗೆ ಇರುವ ಹಾಗೆ ನಮಗೂ ಲೈಸೆನ್ಸ್ ಅಂತ ಇದೆಯಾ?

ಹಳೇ ಸೈಟ್ ಚಪ್ಪಲಿ:
ನೋಡಮ್ಮಾ, ವಕೀಲರಿಗೆ 1961ರ ಕಾಯ್ದೆ ಇದೆ, ಆರ್ಕಿಟೆಕ್ಟರಿಗೆ 1972ರದ್ದು. ಇಂಜಿನಿಯರಿಗೆ ದೇಶಕ್ಕೆಲ್ಲ ಒಂದು ಅಂತ ಅಂಥ ಕಾಯ್ದೆ ಇಲ್ಲ. ನಕ್ಷೆ ಮಂಜೂರು ಮಾಡುವವರ ಹತ್ತಿರವೇ ಹೆಸರು ನೋಂದಾಯಿಸಬೇಕು. ನಿಮ್ಮಲ್ಲಿ ಮುಖ್ಯಾಧಿಕಾರಿಗೆ ಅರ್ಜಿ ಕೊಡಿ. ಡಿಗ್ರಿ, ಅನುಭವದ ಪತ್ರ, ಫೋಟೋ ಇಟ್ಟುಕೊಂಡು ಹೋಗಿ, ಶುಲ್ಕ ಎಷ್ಟು ಅಂತ ಅಲ್ಲೇ ಕೇಳಿ. ನವೀಕರಣದ ತಾರೀಕು ಮಾತ್ರ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ನಾನು ಎರಡು ಸಲ ಮರೆತು ಪೇಚಾಡಿದ್ದೇನೆ. ಚಾರ್ಟರ್ಡ್ ಇಂಜಿನಿಯರ್ ಅನ್ನುವುದು ಬೇರೆ, ಅದನ್ನು ಕೋಲ್ಕತ್ತದ ಇನ್‌ಸ್ಟಿಟ್ಯೂಷನ್ ಆಫ್ ಇಂಜಿನಿಯರ್ಸ್ ಕೊಡುವುದು. ಬೇಕಾದರೆ ಆಮೇಲೆ ಮಾಡಿಸಿಕೊಳ್ಳಿ.

ಆ 800ರ ವಿಷಯಕ್ಕೆ ಬರುತ್ತೇನೆ. ನಾನೂ ಶುರುವಿನಲ್ಲಿ ಒಬ್ಬನಿಗೆ ಸೀಲ್ ಒತ್ತಿ ಸಹಿ ಹಾಕಿದ ಖಾಲಿ ಹಾಳೆ ಕೊಟ್ಟಿದ್ದೆ. ಹಾಳೆಗೆ 200 ರೂಪಾಯಿ. ಸುಮ್ನೆ ಬರುವ ದುಡ್ಡು ಅಂದುಕೊಂಡೆ. ಒಂದು ದಿನ ಗುರುತೇ ಇಲ್ಲದ ಒಬ್ಬರು ನಕ್ಷೆ ಸುತ್ತಿಕೊಂಡು ಆಫೀಸಿಗೆ ಬಂದರು. "ಸರ್, ಇದರಲ್ಲಿ ನಿಮ್ಮ ಸಹಿ ಇದೆ. ಒಂದ್ಸಲ ಮನೆ ನೋಡಬೇಕು" ಅಂದರು. ಜೋರು ಕೂಡ ಮಾಡಲಿಲ್ಲ.

ಹೋಗಿ ನೋಡಿದೆ. 4 ಅಡಿ ಚಾಚಿದ ಬಾಲ್ಕನಿ. ಗೋಡೆಗೆ ಸೇರುವ ಕಡೆ, ಮೇಲ್ಗಡೆ, ಈ ತುದಿಯಿಂದ ಆ ತುದಿಗೆ ಬಿರುಕು. ಅದರಲ್ಲಿ ಒಂದು ರೂಪಾಯಿ ನಾಣ್ಯ ನಿಲ್ಲುತ್ತಿತ್ತು. ಚಾಚಿದ ಸ್ಲ್ಯಾಬಿಗೆ ಮೇನ್ ರಾಡು ಮೇಲ್ಗಡೆ ಇರಬೇಕು, ಅಲ್ವಾ? ಕಟ್ಟುವಾಗ ಮೇಲೇ ಕಟ್ಟಿದ್ದರಂತೆ. ಕಾಂಕ್ರೀಟ್ ದಿನ ಬಾಣಲಿ ಹೊತ್ತವರು ಅದನ್ನೇ ತುಳಿದು ಓಡಾಡಿದ್ದಾರೆ. ಅದನ್ನು ಎತ್ತಿ ಹಿಡಿಯಲು ಕೆಳಗೆ ಒಂದು ಚೇರ್ ರಾಡೂ ಇಟ್ಟಿರಲಿಲ್ಲ. ರಾಡು ಸೆಂಟ್ರಿಂಗ್ ಹಲಗೆಗೇ ಕೂತುಬಿಟ್ಟಿತ್ತು. ಅಲ್ಲಿ ನಿಂತು "ಎತ್ರೋ ಅದನ್ನ" ಅನ್ನಬೇಕಾದವನು ನಾನು. ನನಗೆ ಆ ಬೀದಿಯೇ ಗೊತ್ತಿರಲಿಲ್ಲ. ಒಡೆಸಿ ಮತ್ತೆ ಹಾಕಿಸಿದೆವು, ಅರ್ಧ ಖರ್ಚು ನನ್ನದು. ಹಾಳೆ ತಗೊಂಡವನು ಫೋನೇ ಎತ್ತಲಿಲ್ಲ.

ಗೆರೆ ಎಳೆಯುವವ:
ಬೋರ್ಡಿನಲ್ಲಿ "ಆರ್ಕಿಟೆಕ್ಟ್" ಅಂತೇನಾದರೂ ಬರೆಸಿದ್ದರೆ ಅಳಿಸಿ ಮೇಡಂ. ಮನೆ ಡಿಸೈನ್ ಮಾಡಬಾರದು ಅಂತಲ್ಲ. ಆರ್ಕಿಟೆಕ್ಟರ ಕೌನ್ಸಿಲ್‌ನಲ್ಲಿ ನೋಂದಣಿ ಇಲ್ಲದವರು ಆ ಹೆಸರು ಹಾಕಿಕೊಳ್ಳುವ ಹಾಗಿಲ್ಲ ಅಷ್ಟೇ. 2020ರಲ್ಲಿ ಸುಪ್ರೀಂ ಕೋರ್ಟೂ ಹೀಗೇ ಹೇಳಿದೆ. ಇನ್ನೊಂದು, ಸೈಟು ಊರಿನ ಗಡಿ ದಾಟಿದ್ದರೆ ಗ್ರಾಮ ಪಂಚಾಯಿತಿಗೆ ಹೋಗಬೇಕು. ಮೊದಲು ಖಾತೆ ಯಾರದ್ದು ಅಂತ ನೋಡಿಕೊಳ್ಳಿ.

ಮರಳಿ ಬಂದವಳು:
ಅಯ್ಯೋ, "ಇಂಜಿನಿಯರ್ ಮತ್ತು ಆರ್ಕಿಟೆಕ್ಟ್" ಅಂತಲೇ ಬರೆಸಿದ್ದೆ! ಪೇಂಟರ್ ನಾಳೆ ಬರುತ್ತಾನೆ. ಖಾತೆ ಪಟ್ಟಣ ಪಂಚಾಯಿತಿಯದ್ದೇ. ಅರ್ಜಿ ಕೊಟ್ಟು ಬಂದೆ, ಅಣ್ಣ ಕಾಯುತ್ತೇನೆ ಅಂದಿದ್ದಾನೆ. ದೊಡ್ಡಮ್ಮ ಮಾತ್ರ ಆಷಾಢದೊಳಗೆ ಪಾಯ ಆಗಬೇಕು ಅಂತ ಕೂತಿದ್ದಾರೆ. ಸೀಲ್ ಅಂಗಡಿಯವನು ಎರಡು ಮಾಡಿಸಿದರೆ ಕಡಿಮೆಗೆ ಕೊಡ್ತೀನಿ ಅಂದ. ಒಂದೇ ಸಾಕು ಅಂದೆ, ಅದೂ ನಂಬರ್ ಬಂದ ಮೇಲೆ.