ಬೀಳಗಿ ಕಡೆ ಹೊಲದ ಮನೆಗೆ ಯಾವ ಸಿಮ್? 5ಜಿ ಗುರುತು ಇದ್ರೂ ಕರೆ ಕಟ್

ಪ್ರಶ್ನೆ | ನವನಗರದವ
ಹೊಲದ ಮನೆ ಕಲ್ಲಿನ ಗೋಡೆಯದು, ಮೇಲೆ ತಗಡು. ಕಟ್ಟೆ ಮೇಲೆ 5ಜಿ ಓಡುತ್ತೆ, ಒಳಗೆ ಬಂದರೆ ನೆಟ್ ನಿಂತು ಕರೆಯೂ ಕಟ್ ಆಗುತ್ತೆ. ಡ್ಯುಯಲ್ ಸಿಮ್ ಫೋನು. ಜಿಯೋ, ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್ ನಡುವೆ ತಂತ್ರಜ್ಞಾನದಲ್ಲಿ ಏನು ಫರಕು? ರೇಟಿನ ಮಾತು ಬೇಡ.

ಉತ್ತರ | ಹೊಳೆಸಾಲು
ಗುರುತು ನೋಡಬ್ಯಾಡ್ರಿ, ಬ್ಯಾಂಡ್ ನೋಡ್ರಿ, ಅಂದ್ರ ಸಿಗ್ನಲ್ ಯಾವ ತರಂಗಾಂತರದ ಮ್ಯಾಲ ಬರತೈತಿ ಅನ್ನೂದು. ಜಿಯೋ, ಏರ್‌ಟೆಲ್ ಇಬ್ಬರದೂ ಜೋರಿನ 5ಜಿ 3300 ಮೆಗಾಹರ್ಟ್ಸ್ ಮ್ಯಾಲ ಐತಿ, ಫೋನಿನ ಪಟ್ಟಿಯೊಳಗ ಆ ಬ್ಯಾಂಡಿನ ಹೆಸರು ಎನ್78. ಅದು ಕಲ್ಲಿನ ಗ್ವಾಡಿ ದಾಟೂದು ಕಷ್ಟ, ತಗಡಂತೂ ವಾಪಸ್ ಒಗಿತೈತಿ. 2022ರ ತರಂಗಾಂತರ ಹರಾಜಿನ್ಯಾಗ ಜಿಯೋ 700 ಮೆಗಾಹರ್ಟ್ಸ್ ಸೈತ ತಗೊಂಡೈತಿ, ಏರ್‌ಟೆಲ್ ತಗೊಂಡಿಲ್ಲ. ಗ್ವಾಡಿ ಒಳಗ ಬರೂದು ಈ 700. ಆದ್ರ ಅದರ ಅಗಲ ಬರೇ 10 ಮೆಗಾಹರ್ಟ್ಸ್, ಕಟ್ಟಿ ಮ್ಯಾಲಿನ ಸ್ಪೀಡ್ ಒಳಗ ಕೇಳಬ್ಯಾಡ್ರಿ. ಫೋನಿನ ಪಟ್ಟಿಯೊಳಗ ಎನ್28 (700ರ 5ಜಿ ಬ್ಯಾಂಡ್) ಇಲ್ಲಂದ್ರ ಟವರ್ ಬಾಜೂಕ ಇದ್ರೂ ಅದು ಸಿಗೂದಿಲ್ಲ.

ಇನ್ನೊಂದು: ಜಿಯೋಕ್ಕ 2ಜಿ ಇಲ್ಲ. ವೋಲ್ಟಿ (4ಜಿ ಮ್ಯಾಲ ಕರೆ ಮಾಡೂ ಸೆಟ್ಟಿಂಗ್) ಬಂದ್ ಇಟ್ರ ಕರೆನೂ ಬಂದ್. ಏರ್‌ಟೆಲ್, ವಿಐದಾಗ 4ಜಿ ಸೊರಗಿದ್ರ 2ಜಿ ಹಿಡಿದು ಮಾತಾರ ನಡೀತೈತಿ.

ಉತ್ತರ | ಡಿಬಿಎಂ
ಮೇಲಿನದಕ್ಕೆ ಸೇರಿಸುತ್ತೇನೆ. ಜಿಯೋದ್ದು ಎಸ್‌ಎ, ಅಂದರೆ 4ಜಿ ಆಸರೆಯಿಲ್ಲದೆ ನಿಲ್ಲುವ 5ಜಿ; ಏರ್‌ಟೆಲ್ ಶುರು ಮಾಡಿದ್ದು ಎನ್‌ಎಸ್‌ಎ, ಅಂದರೆ 4ಜಿ ಆಸರೆಯ 5ಜಿ. ಎನ್‌ಎಸ್‌ಎಯಲ್ಲಿ ಫೋನು ಮೊದಲು 4ಜಿಗೆ ಅಂಟಿಕೊಂಡು, ಡೇಟಾಗೆ ಮಾತ್ರ 5ಜಿಯನ್ನು ಜೊತೆಗೆ ಎಳೆದುಕೊಳ್ಳುತ್ತದೆ. 4ಜಿ ಟವರು 'ಇಲ್ಲಿ 5ಜಿ ಉಂಟು' ಎಂದರೆ ಸಾಕು, ಎಷ್ಟೋ ಫೋನುಗಳು ಗುರುತು ತೋರಿಸಿಬಿಡುತ್ತವೆ. ಕಡ್ಡಿಗಳನ್ನೂ ನಂಬಬೇಡಿ, ಒಂದೊಂದು ಕಂಪನಿಯ ಫೋನಿಗೆ ಒಂದೊಂದು ಲೆಕ್ಕ.

ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಅಬೌಟ್ ಫೋನ್, ಸಿಮ್ ಸ್ಟೇಟಸ್ ತೆರೆದು ಸಿಗ್ನಲ್ ಸ್ಟ್ರೆಂತ್ ಓದಿ. ಮಲಗುವ ಕೋಣೆ, ಅಡುಗೆಮನೆ, ಕಟ್ಟೆ, ಮೂರೂ ಕಡೆ ಎರಡು ನಿಮಿಷ ನಿಂತು ಬರೆದುಕೊಳ್ಳಿ. ಅಲ್ಲಿ ಡಿಬಿಎಂ ಲೆಕ್ಕದಲ್ಲಿ ಮೈನಸ್ ಅಂಕಿ ಇರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 95ಕ್ಕಿಂತ ಚೆನ್ನಾಗಿದ್ದರೆ ಚಿಂತೆಯಿಲ್ಲ. ಮೈನಸ್ 110ಕ್ಕಿಂತ ಕೆಳಗಿಳಿದರೆ ಒಳಗೆ 4ಜಿ ಮಾತ್ರಕ್ಕೆ ಬದಲಿಸಿ. ಇಲ್ಲವಾದರೆ ಫೋನು 5ಜಿಗೂ 4ಜಿಗೂ ಜಿಗಿದಾಡುತ್ತ ಬ್ಯಾಟರಿ ತಿನ್ನುತ್ತದೆ, ಕರೆ ಕಟ್ ಆಗುವುದೂ ಬಹುಪಾಲು ಆ ಜಿಗಿತದಲ್ಲೇ. ಬ್ರಾಡ್‌ಬ್ಯಾಂಡ್ ಇದ್ದರೆ ವೈಫೈ ಕಾಲಿಂಗ್ ಆನ್ ಮಾಡಿ, ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಆನ್‌ಲೈನ್‌ನಲ್ಲಿ ಸಿಗುವ ಬೂಸ್ಟರ್ ಮಾತ್ರ ಬೇಡ: ಪರವಾನಗಿ ಇಲ್ಲದೆ ಹಾಕುವುದು ಕಾನೂನುಬಾಹಿರ, ಅಕ್ಕಪಕ್ಕದವರ ನೆಟ್‌ವರ್ಕನ್ನೂ ಕೆಡಿಸುತ್ತದೆ.

ನವನಗರದವ
ಬಿಎಸ್‌ಎನ್‌ಎಲ್ ಎರಡನೇ ಸಿಮ್ಮಿಗೆ ನಡೆಯುತ್ತಾ?

ಉತ್ತರ | ಹೊಳೆಸಾಲು
ನಡೀತೈತಿ, ಆದ್ರ ಪೋರ್ಟ್ (ನಂಬರ್ ಅದನ್ನೇ ಇಟ್ಟು ಕಂಪನಿ ಬದಲಿಸೂದು) ಮಾಡೂಕಿಂತ ಮದಲ ಫೋನ್ ನೋಡ್ರಿ. ಅವರ 4ಜಿ 700 ಮತ್ತು 2100 ಮ್ಯಾಲ ಐತಿ. 700 ಹಿಡಿಯಾಕ ಬ್ಯಾಂಡ್ 28 ಬೇಕು, ಹಳೇ 4ಜಿ ಫೋನ್‌ದಾಗ ಭಾಳ ಸಲ ಅದು ಇರೂದಿಲ್ಲ. ಮನ್ಯಾಗ ಹಳೇ ಸಿಮ್ ಬಿದ್ದಿದ್ರ ಅದನ್ನ 4ಜಿ ಸಿಮ್ಮಿಗೆ ಬದಲಿಸಿಕೋರಿ.

ಉತ್ತರ | ಡಿಬಿಎಂ
ಎರಡು ಸಿಮ್ ಅಂದರೆ ಎರಡು ಟವರ್ ಎಂದಲ್ಲ. ಹಳ್ಳಿ ಕಡೆ ಎರಡು ಮೂರು ಕಂಪನಿಗಳ ಆಂಟೆನಾ ಒಂದೇ ಕಂಬದ ಮೇಲಿರುತ್ತವೆ. ಕರೆಂಟ್ ಹೋಗಿ ಟವರಿನ ಬ್ಯಾಟರಿ ಇಳಿಯಿತೋ, ಎಲ್ಲವೂ ಒಟ್ಟಿಗೆ ಮಲಗುತ್ತವೆ. ದೂರಸಂಪರ್ಕ ಇಲಾಖೆಯ ತರಂಗ ಸಂಚಾರ ಪೋರ್ಟಲ್ಲಿನಲ್ಲಿ ನಿಮ್ಮ ಹೊಲದ ಸುತ್ತಲಿನ ಟವರು, ಯಾವ ಕಂಪನಿಯದು ಎಂಬುದೆಲ್ಲ ಕಾಣುತ್ತದೆ. ಬೇರೆ ಬೇರೆ ಕಂಬದವರನ್ನು ಆರಿಸಿ. ಪೋರ್ಟ್ ಮಾಡುವುದಾದರೆ ಈಗಿನ ಕಂಪನಿಯಲ್ಲಿ 90 ದಿನ ಆಗಿರಬೇಕು. ಎಸ್‌ಎಂಎಸ್‌ನಲ್ಲಿ ಇಂಗ್ಲಿಷಿನಲ್ಲಿ PORT ಎಂದು ಟೈಪ್ ಮಾಡಿ, ಜಾಗ ಬಿಟ್ಟು ಹತ್ತಂಕಿಯ ನಂಬರ್ ಹಾಕಿ 1900ಕ್ಕೆ ಕಳಿಸಿ. ಬರುವ ಕೋಡ್ 4 ದಿನಕ್ಕೆ ಸಾಯುತ್ತದೆ, ಅಂಗಡಿಗೆ ಹೋಗುವ ದಿನವೇ ತೆಗೆಯಿರಿ.