ಸಹಾಯ ಬೇಕು: ಸಿಎಚ್‌ಡಿ7 ಜೀನು ಕೆಟ್ಟರೆ ನರಶಿಖೆಯ ಕೋಶಗಳಿಗೇ ಏಕೆ ಹೆಚ್ಚು ಪೆಟ್ಟು?

ನಮಸ್ಕಾರ. ವಿಜಯಪುರದಲ್ಲಿ ಪ್ರಾಣಿಶಾಸ್ತ್ರದ ಎಂಎಸ್‌ಸಿ ಓದುತ್ತಿದ್ದೇನೆ. ಸೋಮವಾರ ಸೆಮಿನಾರ್; ಒಂದು ಕಡೆ ಬಂಡಿ ಹೂತು ಹೋಗಿದೆ.

ಭ್ರೂಣದ ನರನಾಳದ ಬೆನ್ನಂಚಿನಿಂದ ಹೊರಟ ನರಶಿಖೆಯ ಕೋಶಗಳು ವಲಸೆ ಹೋಗಿ ಮುಖದ ಎಲುಬು, ಚರ್ಮಕ್ಕೆ ಬಣ್ಣ ಕೊಡುವ ಕೋಶ, ಕರುಳಿನ ನರಜಾಲ ಆಗುತ್ತವೆ, ಇದು ತಿಳಿಯಿತು. ಕೋಳಿಯ ಭ್ರೂಣದಲ್ಲಿ ಡಿಎನ್‌ಎಂಟಿ3ಎ ಕಿಣ್ವವು ಡಿಎನ್‌ಎಗೆ ಮೀಥೈಲ್ ಗುಂಪು ಎಂಬ ಚಿಕ್ಕ ರಾಸಾಯನಿಕ ಗುರುತು ಅಂಟಿಸಿ, ಕೋಶವನ್ನು ನರನಾಳದ ದಾರಿಯಲ್ಲೇ ಇರಿಸುವ ಸಾಕ್ಸ್2 ಜೀನಿನ ಬಾಯಿ ಮುಚ್ಚಿಸುವುದೂ ತಿಳಿಯಿತು. "ಹಗೇವು ಮುಚ್ಚಿದ ಹಾಗೆ, ಜೋಳ ಒಳಗೇ ಇದೆ, ಕೈಗೆ ಸಿಗುವುದಿಲ್ಲ" ಎಂದೆ. ನಮ್ಮ ಅವ್ವನಿಗೂ ಅರ್ಥವಾಯಿತು!

ತೊಡಕು ಸಿಎಚ್‌ಡಿ7ರದ್ದು. ಕ್ರೊಮ್ಯಾಟಿನ್, ಅಂದರೆ ಪ್ರೋಟೀನಿಗೆ ಸುತ್ತಿಕೊಂಡ ಡಿಎನ್‌ಎ, ಅದನ್ನು ಸಡಿಲಿಸುವ ಈ ಪ್ರೋಟೀನು ಭ್ರೂಣದ ಹಲವು ಅಂಗಾಂಶಗಳಲ್ಲಿದೆ. ಆದರೂ ಜೀನಿನ ಒಂದು ಪ್ರತಿ ಕೆಟ್ಟಾಗ ಬರುವ ಚಾರ್ಜ್ ಸಿಂಡ್ರೋಮ್‌ನಲ್ಲಿ ನರಶಿಖೆಯ ಕೋಶಗಳು ಪಾಲ್ಗೊಳ್ಳುವ ಹೃದಯ, ಕಿವಿ, ಮುಖದಂತಹ ಕಡೆಗಳಲ್ಲೇ ದೋಷ ಎದ್ದು ಕಾಣುತ್ತದೆ. ಎರಡು ಪಠ್ಯಪುಸ್ತಕ ತಿರುವಿ ಹಾಕಿದೆ, ಹಿರಿಯ ವಿದ್ಯಾರ್ಥಿಗಳನ್ನು ಕೇಳಿದೆ. "ಅದು ಹಾಗೇ" ಎಂದರು. ಇದೂ ಒಂದು ಉತ್ತರವೇ?

ನನ್ನ ಪ್ರಶ್ನೆ ಇಷ್ಟೇ: ನರಶಿಖೆ ರೂಪಿಸುವ ಸಾಕ್ಸ್9, ಟ್ವಿಸ್ಟ್‌ನಂತಹ ಜೀನುಗಳ ಎನ್‌ಹಾನ್ಸರ್ (ಜೀನನ್ನು ಚುರುಕುಗೊಳಿಸುವ ಡಿಎನ್‌ಎ ತುಣುಕು) ತೆರೆಯಲು ಅರ್ಧ ಪ್ರಮಾಣದ ಸಿಎಚ್‌ಡಿ7 ಸಾಲುವುದಿಲ್ಲವೇ, ಅಥವಾ ಪಿಬಿಎಎಫ್‌ನಂತಹ (ಇದೂ ಕ್ರೊಮ್ಯಾಟಿನ್ ಸಡಿಲಿಸುವ ಒಂದು ಪ್ರೋಟೀನು ಗುಂಪು) ಜೊತೆಗಾರ ಪ್ರೋಟೀನುಗಳಿಂದ ಈ ವ್ಯತ್ಯಾಸವೇ? ಬಲ್ಲವರು ಯಾವುದನ್ನು ಮುಖ್ಯವಾಗಿ ಹೇಳಬೇಕೆಂದು ತಿಳಿಸುತ್ತೀರಾ?